ಹಲ್ಲು ಶುಚಿಗೊಳಿಸುವ ಚಿಕಿತ್ಸೆ: ವಿಮೆಯ ಮಿತಿ, ಇ.ಎಸ್.ಐ. ಹಕ್ಕು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

1. ವಿಷಯ ಪ್ರವೇಶ

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ 23ನೆಯದು ಆರೋಗ್ಯ ಮತ್ತು ನೈರ್ಮಲ್ಯ. ಈ ವಿಷಯದಡಿ ಗ್ರಾಮಸಭೆಗಳಲ್ಲಿ ಚರಂಡಿ, ಸೊಳ್ಳೆ ನಿಯಂತ್ರಣ, ಕುಡಿಯುವ ನೀರು ಮತ್ತು ಲಸಿಕೆಗಳ ಚರ್ಚೆ ನಡೆಯುತ್ತದೆ. ಹಲ್ಲಿನ ಆರೋಗ್ಯ ಚರ್ಚೆಗೆ ಬರುವುದು ಅಪರೂಪ. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲ ಎಂಬ ಸಾಮಾನ್ಯ ಭಾವನೆಯೇ ಇದಕ್ಕೆ ಕಾರಣ. ಆದರೆ ಹಲ್ಲುನೋವಿಗೆ ಕಳೆದ ಕೂಲಿ, ಸಾಲ ಮಾಡಿ ಮಾಡಿಸಿದ ಬೇರುನಾಳ ಚಿಕಿತ್ಸೆ, ನಲವತ್ತನೆಯ ವಯಸ್ಸಿಗೇ ಹಲ್ಲು ಕಳೆದುಕೊಂಡು ರಾಗಿ ರೊಟ್ಟಿ ಅಗಿಯಲಾರದ ಸ್ಥಿತಿ, ಇವೆಲ್ಲ ಬಡ ಕುಟುಂಬದ ಲೆಕ್ಕಪುಸ್ತಕದಲ್ಲಿ ದೊಡ್ಡ ಬಾಬುಗಳೇ ಆಗಿವೆ.

ಅತ್ತಿಬೆಲೆ ಪಟ್ಟಣವು ಪುರಸಭೆಯ ಆಡಳಿತಕ್ಕೆ ಒಳಪಟ್ಟಿದ್ದರೂ ಬಿದರಗುಪ್ಪೆ, ಮಾಯಸಂದ್ರ ಮೊದಲಾದ ಸುತ್ತಲಿನ ಗ್ರಾಮಗಳು ಪಂಚಾಯಿತಿ ಆಡಳಿತವನ್ನು ಕಂಡವು. ಬೆಂಗಳೂರು–ಹೊಸೂರು ಹೆದ್ದಾರಿಯ ಇಕ್ಕೆಲಗಳಲ್ಲಿ ಅತ್ತಿಬೆಲೆ, ಬೊಮ್ಮಸಂದ್ರ ಮತ್ತು ಜಿಗಣಿ ಕೈಗಾರಿಕಾ ಪ್ರದೇಶಗಳು ಹಬ್ಬಿವೆ. ಅಲ್ಲಿ ದುಡಿಯುವ ಕಾರ್ಮಿಕರಲ್ಲಿ ಅನೇಕರು ಈ ಗ್ರಾಮಗಳ ಬಾಡಿಗೆ ಮನೆಗಳಲ್ಲಿ ವಾಸಿಸುತ್ತಾರೆ. ಅವರಲ್ಲಿ ಹಲವರ ವೇತನದಿಂದ ಪ್ರತಿ ತಿಂಗಳು ಆರೋಗ್ಯ ವಿಮೆಯ ವಂತಿಗೆ ಕಡಿತವಾಗುತ್ತಿರುತ್ತದೆ. ಆ ವಂತಿಗೆಗೆ ಪ್ರತಿಯಾಗಿ ಹಲ್ಲಿನ ಚಿಕಿತ್ಸೆಯನ್ನೂ ಕೇಳಬಹುದೆಂಬ ಅರಿವು ಎಲ್ಲರಿಗೂ ಇಲ್ಲ. ಯಾವ ವಿಮೆ ಹಲ್ಲು ಶುಚಿಗೊಳಿಸುವ ಖರ್ಚನ್ನು ಭರಿಸುತ್ತದೆ, ಯಾವುದು ಭರಿಸುವುದಿಲ್ಲ, ವಿಮೆ ಇಲ್ಲದವರು ಏನು ಮಾಡಬಹುದು, ಪಂಚಾಯಿತಿಯ ಪಾತ್ರವೇನು ಎಂಬುದನ್ನು ಈ ಪಾಠ ವಿವರಿಸುತ್ತದೆ.

2. ಹಲ್ಲು ಶುಚಿಗೊಳಿಸುವುದು ಎಂದರೇನು?

ಆಹಾರ ಸೇವಿಸಿದ ನಂತರ ಹಲ್ಲಿನ ಮೇಲೆ ಸೂಕ್ಷ್ಮಾಣುಗಳ ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಇದನ್ನು ಜನ ಹಲ್ಲಿನ ಪಾಚಿ ಎನ್ನುತ್ತಾರೆ. ಮೆದುವಾಗಿರುವ ತನಕ ಬ್ರಷ್ಷಿನಿಂದ ಇದನ್ನು ತೆಗೆಯಬಹುದು. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದಕ್ಕೆ ಇದನ್ನು ಹೋಲಿಸಬಹುದು. ಹೀಗೆ ಗಟ್ಟಿಯಾದ ಕಿಟ್ಟವನ್ನು ದಂತವೈದ್ಯರು ಟಾರ್ಟರ್ ಎನ್ನುತ್ತಾರೆ. ಎಷ್ಟು ಉಜ್ಜಿದರೂ ಅದು ಬ್ರಷ್ಷಿಗೆ ಬಿಡುವುದಿಲ್ಲ. ಕಂಪನದಿಂದ ಕೆಲಸ ಮಾಡುವ ಉಪಕರಣ ಅಥವಾ ಕೈ ಉಪಕರಣದಿಂದ ದಂತವೈದ್ಯರು ಅದನ್ನು ಬಿಡಿಸುವ ಕ್ರಿಯೆಗೆ ಸ್ಕೇಲಿಂಗ್ ಎಂದು ಹೆಸರು.

ಕಿಟ್ಟವು ಒಸಡಿನ ಅಂಚಿನಲ್ಲಿ ನಿಂತರೆ ಒಸಡು ಊದಿಕೊಂಡು ರಕ್ತ ಒಸರುತ್ತದೆ. ಈ ಹಂತದಲ್ಲಿ ಶುಚಿಗೊಳಿಸಿದರೆ ಒಸಡು ಮತ್ತೆ ಆರೋಗ್ಯಕರವಾಗುತ್ತದೆ. ನಿರ್ಲಕ್ಷಿಸಿದರೆ ಸೋಂಕು ಹಲ್ಲನ್ನು ಹಿಡಿದಿರುವ ಮೂಳೆಯತ್ತ ಇಳಿದು, ಮೂಳೆ ಕರಗಿ, ಹಲ್ಲು ಅಲುಗಾಡತೊಡಗುತ್ತದೆ. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಮಧುಮೇಹವಿರುವವರಲ್ಲಿ ಒಸಡು ರೋಗ ಬೇಗ ಉಲ್ಬಣಿಸುತ್ತದೆ. ಒಸಡಿನ ಸೋಂಕು ರಕ್ತದ ಸಕ್ಕರೆಯ ನಿಯಂತ್ರಣವನ್ನೂ ಕೆಡಿಸುತ್ತದೆ.

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ಗ್ರಾಮಗಳಲ್ಲಿ ವ್ಯಾಪಕವಾಗಿದೆ. ಮೂಳೆ ಕರಗಿ ಸಡಿಲವಾಗಿದ್ದ ಹಲ್ಲನ್ನು ಗಟ್ಟಿ ಕಿಟ್ಟವು ಕೆಲಕಾಲ ಹಿಡಿದಿಟ್ಟಿರುತ್ತದೆ. ಕಿಟ್ಟ ತೆಗೆದಾಗ ಮೊದಲೇ ಇದ್ದ ಸಡಿಲತೆ ಗೋಚರಕ್ಕೆ ಬರುತ್ತದೆ. ದೋಷ ಚಿಕಿತ್ಸೆಯದಲ್ಲ, ತಡವಾಗಿ ಬಂದದ್ದರದು. ಚಿಕಿತ್ಸೆಯ ನಂತರ ಕೆಲವು ದಿನ ತಣ್ಣೀರು ಕುಡಿದಾಗ ಹಲ್ಲು ಜುಮ್ಮೆನ್ನುವುದು ಸಹಜ.

ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 12 ವರ್ಷದ ಮಕ್ಕಳಲ್ಲಿ ಶೇ. 53.8ರಷ್ಟು ಹಾಗೂ 15 ವರ್ಷದವರಲ್ಲಿ ಶೇ. 63.1ರಷ್ಟು ಮಂದಿಗೆ ಹುಳುಕು ಹಲ್ಲು ಇತ್ತು. 35ರಿಂದ 44 ವರ್ಷದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಒಂದಲ್ಲ ಒಂದು ಬಗೆಯ ಒಸಡಿನ ತೊಂದರೆ ಕಂಡುಬಂದಿತ್ತು. ದುಡಿಯುವ ವಯಸ್ಸಿನ ಬಹುತೇಕರಿಗೆ ಈ ಪಾಠ ಅನ್ವಯಿಸುತ್ತದೆ ಎಂಬುದಕ್ಕೆ ಇಷ್ಟು ಸಾಕು.

3. ಸಾಮಾನ್ಯ ಆರೋಗ್ಯ ವಿಮೆ ಈ ಖರ್ಚನ್ನು ಏಕೆ ಭರಿಸುವುದಿಲ್ಲ?

ವಿಮೆಯ ಮೂಲತತ್ವವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಒಂದು ಗ್ರಾಮದಲ್ಲಿ 1,000 ಮಂದಿ ಇದ್ದು, ವರ್ಷಕ್ಕೆ 20 ಮಂದಿಗೆ ತಲಾ 50,000 ರೂ. ವೆಚ್ಚದ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂದಿಟ್ಟುಕೊಂಡರೆ ಒಟ್ಟು ಖರ್ಚು 10 ಲಕ್ಷ ರೂ. ಅದನ್ನು ಎಲ್ಲರಿಗೂ ಹಂಚಿದರೆ ತಲಾ 1,000 ರೂ. ಆಗುತ್ತದೆ. 1,000 ರೂ. ಕಟ್ಟಿದವನಿಗೆ 50,000 ರೂ. ಹೊರೆಯಿಂದ ರಕ್ಷಣೆ ದೊರೆಯುತ್ತದೆ.

ಅದೇ 1,000 ಮಂದಿಗೂ ವರ್ಷಕ್ಕೊಮ್ಮೆ 800 ರೂ. ವೆಚ್ಚದಲ್ಲಿ ಹಲ್ಲು ಶುಚಿಗೊಳಿಸಬೇಕೆಂದು ಇಟ್ಟುಕೊಂಡರೆ ಒಟ್ಟು ಖರ್ಚು 8 ಲಕ್ಷ ರೂ. ಎಲ್ಲರಿಗೂ ಹಂಚಿದರೆ ಮತ್ತೆ ತಲಾ 800 ರೂ. ಇದಕ್ಕೆ ವಿಮಾ ಕಂಪನಿಯ ಆಡಳಿತ ವೆಚ್ಚ ಸೇರಿದರೆ ಸದಸ್ಯನು ತಾನು ಪಡೆಯುವುದಕ್ಕಿಂತ ಹೆಚ್ಚು ಹಣ ಕಟ್ಟಬೇಕಾಗುತ್ತದೆ. ಅಪರೂಪವಾಗಿ ಬರುವ ದೊಡ್ಡ ಖರ್ಚಿಗೆ ವಿಮೆ ಸೂಕ್ತ. ಎಲ್ಲರಿಗೂ ನಿಯಮಿತವಾಗಿ ಬರುವ ಸಣ್ಣ ಖರ್ಚಿಗೆ ಅದು ಸೂಕ್ತವಲ್ಲ.

ಆದುದರಿಂದಲೇ ಮಾರುಕಟ್ಟೆಯ ಬಹುತೇಕ ಆರೋಗ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗ ಮಾತ್ರ ಹಣ ನೀಡುತ್ತವೆ. ಅಪಘಾತದಲ್ಲಿ ದವಡೆ ಮುರಿದರೆ ವಿಮೆ ಅನ್ವಯಿಸಬಹುದು. ಹೊರರೋಗಿಯಾಗಿ ಪಡೆಯುವ ಸ್ಕೇಲಿಂಗ್‌ಗೆ ಅನ್ವಯಿಸುವುದಿಲ್ಲ. ಹೊರರೋಗಿ ಸೌಲಭ್ಯವೆಂದು ಪ್ರತ್ಯೇಕವಾಗಿ ಸೇರಿಸಿದ ಪಾಲಿಸಿಗಳು ಇದಕ್ಕೆ ಅಪವಾದ. ಅಂಥ ಪಾಲಿಸಿಗಳಲ್ಲಿ ಹೆಚ್ಚುವರಿ ಪ್ರೀಮಿಯಂ ಎಷ್ಟು, ವಾರ್ಷಿಕ ಮಿತಿ ಎಷ್ಟು, ಕಾಯುವ ಅವಧಿ ಎಷ್ಟು ಎಂಬ ಮೂರು ಅಂಶಗಳನ್ನು ಸಹಿ ಹಾಕುವ ಮೊದಲೇ ನೋಡಬೇಕು.

ಸರ್ಕಾರಿ ಯೋಜನೆಗಳ ಸ್ವರೂಪವೂ ಇದೇ ತತ್ವವನ್ನು ಅನುಸರಿಸುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಅರ್ಹ ಬಡ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ. ವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ. ಆದರೆ ಅದರ ಗುರಿ ಆಸ್ಪತ್ರೆ ದಾಖಲಾತಿ ಬೇಡುವ ಚಿಕಿತ್ಸೆಗಳು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಮೀಸಲಾಗಿದೆ. ಈ ಕಾರ್ಡುಗಳನ್ನು ತೋರಿಸಿ ಖಾಸಗಿ ಚಿಕಿತ್ಸಾಲಯದಲ್ಲಿ ಉಚಿತವಾಗಿ ಹಲ್ಲು ಶುಚಿಗೊಳಿಸಿಕೊಳ್ಳಬಹುದೆಂದು ಯಾರೂ ಭರವಸೆ ನೀಡಬಾರದು.

ಆದರೂ ಹಲ್ಲು ಶುಚಿಗೊಳಿಸುವಿಕೆಗೆ ವಿಮೆ ಅಸಾಧ್ಯವೇನಲ್ಲ. ದಕ್ಷಿಣ ಕೊರಿಯಾ ದೇಶವು 2013ರ ಜುಲೈನಿಂದ ತನ್ನ ರಾಷ್ಟ್ರೀಯ ಆರೋಗ್ಯ ವಿಮೆಯಲ್ಲಿ ವಯಸ್ಕರಿಗೆ ವರ್ಷಕ್ಕೊಮ್ಮೆ ಸ್ಕೇಲಿಂಗ್ ಸೌಲಭ್ಯವನ್ನು ಸೇರಿಸಿದೆ. ರೋಗಿಯು ವೆಚ್ಚದ ಒಂದು ಭಾಗವನ್ನು ಮಾತ್ರ ಭರಿಸುತ್ತಾನೆ. ಅಲ್ಲಿ ವಿಮೆ ಕಡ್ಡಾಯ. ವಂತಿಗೆಯು ರೋಗದ ಸಂಭವಕ್ಕೆ ತಕ್ಕಂತೆ ಅಲ್ಲ, ಆದಾಯಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ಹೆಚ್ಚು ಗಳಿಸುವವನ ಹಣದಿಂದ ಕಡಿಮೆ ಗಳಿಸುವವನ ಚಿಕಿತ್ಸೆ ನಡೆಯುತ್ತದೆ. ಭಾರತದಲ್ಲಿ ಇದೇ ತತ್ವದ ಮೇಲೆ ನಿಂತಿರುವ ವ್ಯವಸ್ಥೆ ಕಾರ್ಮಿಕ ರಾಜ್ಯ ವಿಮೆ, ಅಂದರೆ ಇ.ಎಸ್.ಐ.

4. ಇ.ಎಸ್.ಐ.: ಈಗಾಗಲೇ ಹಣ ಕಟ್ಟಿರುವ ಹಕ್ಕು

1948ರ ಕಾಯ್ದೆಯಿಂದ ಆರಂಭವಾದ ಇ.ಎಸ್.ಐ. ವ್ಯವಸ್ಥೆಯು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಿಗೆ ಅನ್ವಯಿಸುತ್ತದೆ. 2017ರ ಜನವರಿ 1ರಿಂದ ವೇತನ ಮಿತಿಯನ್ನು ತಿಂಗಳಿಗೆ 21,000 ರೂ. ಎಂದು ನಿಗದಿಪಡಿಸಲಾಯಿತು. 2019ರ ಜುಲೈ 1ರಿಂದ ಕಾರ್ಮಿಕನ ವಂತಿಗೆ ವೇತನದ ಶೇ. 0.75, ಮಾಲೀಕರ ವಂತಿಗೆ ಶೇ. 3.25 ಆಗಿದೆ.

ತಿಂಗಳಿಗೆ 16,000 ರೂ. ವೇತನ ಪಡೆಯುವ ಕಾರ್ಮಿಕನ ಲೆಕ್ಕ ಹೀಗಿದೆ. ಅವನ ವೇತನದಿಂದ 120 ರೂ. ಕಡಿತವಾಗುತ್ತದೆ, ಮಾಲೀಕರು 520 ರೂ. ಸೇರಿಸುತ್ತಾರೆ. ತಿಂಗಳಿಗೆ 640 ರೂ., ವರ್ಷಕ್ಕೆ 7,680 ರೂ. ಅವನ ಹೆಸರಿನಲ್ಲಿ ಜಮೆಯಾಗುತ್ತದೆ. ಇಷ್ಟು ಹಣ ಕಟ್ಟಿದ ಕುಟುಂಬವು ಹಲ್ಲುನೋವು ಬಂದಾಗ ಕೈಯಿಂದ ಹಣ ತೆತ್ತು ಖಾಸಗಿ ಚಿಕಿತ್ಸೆ ಪಡೆದರೆ, ಒಂದೇ ಸೇವೆಗೆ ಎರಡು ಬಾರಿ ಹಣ ಕೊಟ್ಟಂತಾಗುತ್ತದೆ.

ಇ.ಎಸ್.ಐ. ವೈದ್ಯಕೀಯ ಸೌಲಭ್ಯವು ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ ಸೀಮಿತವಲ್ಲ. ಹೊರರೋಗಿ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಮೊದಲು ಕಾರ್ಮಿಕನು ತನಗೆ ನಿಗದಿಯಾದ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗಬೇಕು, ಅಗತ್ಯವಿದ್ದಲ್ಲಿ ಅಲ್ಲಿಂದ ದಂತ ವಿಭಾಗವಿರುವ ಇ.ಎಸ್.ಐ. ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಸದಸ್ಯರು ಜನರಿಗೆ ತಿಳಿಸಬೇಕಾದ ಅಂಶಗಳು ಇವು:

ಅ) ಈ ಹಕ್ಕು ಕಾರ್ಮಿಕನ ಪತಿ ಅಥವಾ ಪತ್ನಿ, ಅವಲಂಬಿತ ಮಕ್ಕಳು ಹಾಗೂ ನಿಯಮದಂತೆ ಅವಲಂಬಿತ ತಂದೆತಾಯಿಯರಿಗೂ ಇದೆ. ಕುಟುಂಬದವರ ಹೆಸರು ಮತ್ತು ಛಾಯಾಚಿತ್ರ ದಾಖಲೆಯಲ್ಲಿ ಸೇರಿರಬೇಕು. ಸೇರಿಸದೆ ಬಿಟ್ಟರೆ ಸೌಲಭ್ಯ ಪಡೆಯಲು ಅಡ್ಡಿಯಾಗುತ್ತದೆ.

ಆ) ಗುತ್ತಿಗೆ ಕಾರ್ಮಿಕರಿಗೂ ಇ.ಎಸ್.ಐ. ಅನ್ವಯಿಸುತ್ತದೆ. ಗುತ್ತಿಗೆದಾರ ವಂತಿಗೆ ಕಟ್ಟದಿದ್ದರೆ ಮೂಲ ಮಾಲೀಕರೇ ಹೊಣೆ. ವೇತನ ಚೀಟಿಯಲ್ಲಿ ಕಡಿತ ತೋರಿಸಿ ವಂತಿಗೆ ಕಟ್ಟದಿರುವುದು ಅಪರಾಧ.

ಇ) ವೇತನವು ವಂತಿಗೆ ಅವಧಿಯ ನಡುವೆ 21,000 ರೂ. ಮೀರಿದರೂ ಆ ಅವಧಿ ಮುಗಿಯುವವರೆಗೆ ಕಾರ್ಮಿಕನು ವ್ಯವಸ್ಥೆಯಲ್ಲಿ ಮುಂದುವರಿಯುತ್ತಾನೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್ ಈ ಎರಡು ಅವಧಿಗಳು.

ಈ) ಇದು ದೇಶವ್ಯಾಪಿ ವ್ಯವಸ್ಥೆ. ಹೊಸೂರಿನಿಂದ ಬಂದು ಹೋಗುವವರಿಗೂ, ಕುಟುಂಬವನ್ನು ದೂರದ ಜಿಲ್ಲೆಯಲ್ಲಿ ಅಥವಾ ಹೊರರಾಜ್ಯದಲ್ಲಿ ಬಿಟ್ಟು ಬಂದವರಿಗೂ ಹಕ್ಕು ಉಳಿದಿರುತ್ತದೆ.

ದೊಡ್ಡ ಅಡಚಣೆ ಎಂದರೆ ದೂರ. ಬೆಂಗಳೂರಿನ ಇಂದಿರಾನಗರ ಅಥವಾ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಅತ್ತಿಬೆಲೆಯಿಂದ ಹೋಗಿಬರಲು ಒಂದು ದಿನ ಬೇಕು. ದಿನಗೂಲಿ ಕಳೆದುಕೊಂಡರೆ ಉಚಿತ ಚಿಕಿತ್ಸೆಯೂ ದುಬಾರಿಯೇ. ಪಾಳಿಯ ವಾರದ ರಜೆ ಯಾವ ದಿನ ಬರುತ್ತದೆಯೋ ಆ ದಿನಕ್ಕೆ ಮುಂಚಿತವಾಗಿ ಸಮಯ ಕಾಯ್ದಿರಿಸುವುದು ಹಾಗೂ ಚಿಕಿತ್ಸೆಯನ್ನು ಕಾರ್ಖಾನೆಯ ಬಳಿಗೇ ತರುವುದು ಇದಕ್ಕೆ ಇರುವ ಎರಡು ಪರಿಹಾರಗಳು. ಎರಡನೆಯದರಲ್ಲಿ ಪಂಚಾಯಿತಿಗೆ ಪಾತ್ರವಿದೆ.

5. ಇ.ಎಸ್.ಐ. ಇಲ್ಲದವರಿಗೆ ದಾರಿ

ರೈತರು, ಮನೆಗೆಲಸದವರು, ಬೀದಿ ವ್ಯಾಪಾರಿಗಳು ಹಾಗೂ ಸಣ್ಣ ಅಂಗಡಿಗಳ ನೌಕರರು ಇ.ಎಸ್.ಐ. ವ್ಯಾಪ್ತಿಗೆ ಬರುವುದಿಲ್ಲ. ಅವರು ಮೊದಲು ಆನೇಕಲ್ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಕೇಂದ್ರ ಸರ್ಕಾರವು 2014–15ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮದ ಉದ್ದೇಶವೇ ಸರ್ಕಾರಿ ಆಸ್ಪತ್ರೆಗಳ ದಂತ ಘಟಕಗಳನ್ನು ಬಲಪಡಿಸುವುದು.

ದಂತ ವೈದ್ಯಕೀಯ ಕಾಲೇಜುಗಳು ಎರಡನೆಯ ದಾರಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಮಹಾವಿದ್ಯಾಲಯವು ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಇದೆ. ಕೆ.ಆರ್. ಮಾರುಕಟ್ಟೆ ಬಸ್ ನಿಲ್ದಾಣದಿಂದ ಅದು ಸಮೀಪ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣವೂ ಉಚಿತ. ಖಾಸಗಿ ದಂತ ಕಾಲೇಜುಗಳಲ್ಲಿಯೂ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ದರ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಹಲ್ಲುಗಳನ್ನು ಪೂರ್ಣವಾಗಿ ಕಳೆದುಕೊಂಡ ಬಿ.ಪಿ.ಎಲ್. ಕುಟುಂಬದವರಿಗೆ ರಾಜ್ಯದ ದಂತ ಭಾಗ್ಯ ಯೋಜನೆಯಡಿ ಉಚಿತ ದಂತಪಂಕ್ತಿ ದೊರೆಯುತ್ತದೆ. 60 ವರ್ಷ ಮೀರಿದವರಿಗೆಂದು ಆರಂಭವಾದ ಈ ಯೋಜನೆಯ ವಯೋಮಿತಿಯನ್ನು ನಂತರ 45ಕ್ಕೆ ಇಳಿಸಲಾಯಿತು. ನಲವತ್ತೈದಕ್ಕೇ ಪೂರ್ಣ ದಂತಪಂಕ್ತಿ ಬೇಕಾಗುವವರು ನಮ್ಮ ರಾಜ್ಯದಲ್ಲಿ ಇದ್ದಾರೆ ಎಂಬುದನ್ನು ಈ ಬದಲಾವಣೆಯೇ ಹೇಳುತ್ತದೆ.

ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವವರು ವೈದ್ಯರ ನೋಂದಣಿ ಪತ್ರವನ್ನು ನೋಡಬೇಕು, ದರವನ್ನು ಮೊದಲೇ ಕೇಳಬೇಕು. ಸಂತೆ ಹಾಗೂ ರಸ್ತೆ ಬದಿಯಲ್ಲಿ ಹಲ್ಲು ಕೀಳುವ, ಕಟ್ಟುವ ನೋಂದಣಿ ಇಲ್ಲದವರ ಬಳಿ ಹೋಗಬಾರದು. ಶುದ್ಧೀಕರಿಸದ ಉಪಕರಣಗಳಿಂದ ಹೆಪಟೈಟಿಸ್-ಬಿ ಯಂತಹ ಸೋಂಕು ಹರಡುತ್ತದೆ.

6. ಯಾರಿಗೆ, ಎಷ್ಟು ಬಾರಿ?

ಆರು ತಿಂಗಳಿಗೊಮ್ಮೆ ಶುಚಿಗೊಳಿಸಬೇಕೆಂಬ ಮಾತು ಪ್ರಚಲಿತದಲ್ಲಿದೆ. 2018ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯು ಈ ಕುರಿತ ಪ್ರಯೋಗಗಳನ್ನು ಪರಿಶೀಲಿಸಿತು. ತೀವ್ರ ಒಸಡು ರೋಗವಿಲ್ಲದೆ, ನಿಯಮಿತವಾಗಿ ದಂತವೈದ್ಯರಲ್ಲಿಗೆ ಹೋಗುವ ವಯಸ್ಕರಲ್ಲಿ ನಿಗದಿತ ಅವಧಿಯ ಸ್ಕೇಲಿಂಗ್‌ನಿಂದ ಎರಡು ಮೂರು ವರ್ಷಗಳಲ್ಲಿ ಒಸಡಿನ ಆರೋಗ್ಯಕ್ಕೆ ಹೆಚ್ಚಿನ ವ್ಯತ್ಯಾಸವಾಗಲಿಲ್ಲ ಎಂದು ಅದು ಹೇಳಿದೆ. ಹಾಗೆಂದು ದಂತವೈದ್ಯರ ಬಳಿಗೆ ಹೋಗುವುದೇ ಬೇಡವೆಂದು ಇದರ ಅರ್ಥವಲ್ಲ. ತಪಾಸಣೆ ಎಲ್ಲರಿಗೂ ಬೇಕು. ಶುಚಿಗೊಳಿಸುವಿಕೆ ಅಗತ್ಯವಿರುವವರಿಗೆ ಬೇಕು. ಇಂಗ್ಲೆಂಡಿನ ಮಾರ್ಗಸೂಚಿಯು ವಯಸ್ಕರ ತಪಾಸಣೆಯ ಅಂತರವನ್ನು ಅವರವರ ಅಪಾಯದ ಮಟ್ಟಕ್ಕೆ ತಕ್ಕಂತೆ 3 ತಿಂಗಳಿನಿಂದ 24 ತಿಂಗಳವರೆಗೆ ಇಡುತ್ತದೆ.

ಹಣ ಮತ್ತು ಶಿಬಿರದ ಸೀಟುಗಳು ಸೀಮಿತವಾಗಿರುವಲ್ಲಿ ಈ ತಿಳಿವಳಿಕೆ ಉಪಯುಕ್ತ. ಒಸಡಿನಲ್ಲಿ ರಕ್ತ ಬರುವವರು, ಮಧುಮೇಹಿಗಳು, ಗರ್ಭಿಣಿಯರು ಹಾಗೂ ತಂಬಾಕು ಬಳಸುವವರಿಗೆ ಮೊದಲ ಆದ್ಯತೆ ಸಲ್ಲಬೇಕು.

7. ಖರ್ಚನ್ನೇ ತಡೆಯುವ ಕ್ರಮಗಳು

ಫ್ಲೋರೈಡ್ ಇರುವ ಟೂತ್‌ಪೇಸ್ಟಿನಿಂದ ದಿನಕ್ಕೆ ಎರಡು ಬಾರಿ, ಅದರಲ್ಲೂ ರಾತ್ರಿ ಮಲಗುವ ಮುನ್ನ, ಹಲ್ಲುಜ್ಜುವುದು ಮೊದಲ ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಫ್ಲೋರೈಡ್ ಟೂತ್‌ಪೇಸ್ಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಬೇವಿನ ಕಡ್ಡಿ ಪಾಚಿಯನ್ನು ತೆಗೆಯಬಲ್ಲದು. ಆದರೆ ಫ್ಲೋರೈಡ್ ಒದಗಿಸದು. ಇದ್ದಿಲು ಮತ್ತು ಇಟ್ಟಿಗೆ ಪುಡಿ ಹಲ್ಲಿನ ಹೊರಪದರವನ್ನು ಸವೆಸುತ್ತವೆ.

ತಂಬಾಕು ಎರಡನೆಯ ಅಂಶ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ. 22.8ರಷ್ಟು ವಯಸ್ಕರು ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಕಡ್ಡಿಪುಡಿ, ಹೊಗೆಸೊಪ್ಪು ಬಾಯಲ್ಲಿಟ್ಟುಕೊಳ್ಳುವವರಿಗೆ ಒಸಡು ರೋಗದೊಂದಿಗೆ ಬಾಯಿ ಕ್ಯಾನ್ಸರ್ ಅಪಾಯವೂ ಇದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ, ಇವು ಕಂಡ ಕೂಡಲೇ ವೈದ್ಯರನ್ನು ಕಾಣಬೇಕು. 30 ವರ್ಷ ಮೀರಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆ ನಡೆಯುತ್ತದೆ.

ಸಕ್ಕರೆ ಮೂರನೆಯದು. ಒಟ್ಟು ಎಷ್ಟು ತಿಂದರು ಎಂಬುದಕ್ಕಿಂತ ದಿನಕ್ಕೆ ಎಷ್ಟು ಬಾರಿ ತಿಂದರು ಎಂಬುದು ಹಲ್ಲಿಗೆ ಮುಖ್ಯ. ಪಾಳಿಯುದ್ದಕ್ಕೂ ಸಿಹಿ ಚಹಾ, ಬಿಸ್ಕತ್ತು ಸೇವಿಸುತ್ತಿದ್ದರೆ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುವುದಿಲ್ಲ. ಸಿಹಿ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಬಾರದು.

8. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಅ) ಇ.ಎಸ್.ಐ. ಮಾಹಿತಿ ದಿನ: ಬಾಡಿಗೆ ಮನೆಗಳು ಹೆಚ್ಚಿರುವ ವಾರ್ಡುಗಳಲ್ಲಿ ಭಾನುವಾರ ಅಥವಾ ಪಾಳಿ ಬದಲಾಗುವ ಸಂಜೆ ಕಾರ್ಮಿಕರನ್ನು ಸೇರಿಸಿ, ಕುಟುಂಬದವರ ಹೆಸರು ದಾಖಲೆಯಲ್ಲಿ ಸೇರಿದೆಯೇ, ವಂತಿಗೆ ಜಮೆಯಾಗಿದೆಯೇ ಎಂಬುದನ್ನು ಮೊಬೈಲಿನಲ್ಲಿಯೇ ಪರಿಶೀಲಿಸಲು ನೆರವಾಗುವುದು. ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಇದಕ್ಕೆ ಬಳಸಬಹುದು.

ಆ) ಕಾರ್ಖಾನೆಗಳೊಂದಿಗೆ ಮಾತುಕತೆ: 2013ರ ಕಂಪನಿ ಕಾಯ್ದೆಯ 7ನೆಯ ಅನುಸೂಚಿಯು ರೋಗ ತಡೆಗಟ್ಟುವ ಆರೋಗ್ಯ ಸೇವೆಯನ್ನು ಸಾಮಾಜಿಕ ಹೊಣೆಗಾರಿಕೆ ನಿಧಿಯ ಬಾಬುಗಳಲ್ಲಿ ಸೇರಿಸಿದೆ. ಈ ನಿಧಿಯಿಂದ ದಂತ ಕಾಲೇಜಿನ ಸಂಚಾರಿ ಚಿಕಿತ್ಸಾ ವಾಹನವನ್ನು ಗ್ರಾಮಕ್ಕೆ ಕರೆಸಲು ಪಂಚಾಯಿತಿಯು ಲಿಖಿತ ಮನವಿ ಸಲ್ಲಿಸಬಹುದು. ಕೇವಲ ತಪಾಸಣೆ ಮಾಡಿ ಪೇಸ್ಟ್ ಹಂಚಿ ಮುಗಿಯುವ ಶಿಬಿರಕ್ಕಿಂತ, ಸ್ಥಳದಲ್ಲಿಯೇ ಸ್ಕೇಲಿಂಗ್ ಮಾಡುವ ಹಾಗೂ ಮುಂದಿನ ಚಿಕಿತ್ಸೆಗೆ ಹೆಸರು, ದಿನಾಂಕ ಬರೆದುಕೊಡುವ ಶಿಬಿರವನ್ನು ಕೋರಬೇಕು.

ಇ) ಶಾಲೆ ಮತ್ತು ಅಂಗನವಾಡಿ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮಕ್ಕಳ ಹಲ್ಲನ್ನೂ ನೋಡುತ್ತವೆ. ಚಿಕಿತ್ಸೆಗೆ ಕಳುಹಿಸಿದ ಮಕ್ಕಳಲ್ಲಿ ಎಷ್ಟು ಮಂದಿ ನಿಜವಾಗಿ ಚಿಕಿತ್ಸೆ ಪಡೆದರು ಎಂಬ ಪಟ್ಟಿಯನ್ನು ಸಭೆಯಲ್ಲಿ ಕೇಳಬೇಕು.

ಈ) ತಂಬಾಕು ನಿಯಂತ್ರಣ: 2003ರ ಕಾಯ್ದೆಯಂತೆ ಶಾಲೆಗಳಿಂದ 100 ಗಜದೊಳಗೆ ತಂಬಾಕು ಮಾರಾಟ ನಿಷಿದ್ಧ. ಅಂಗಡಿ ಪರವಾನಗಿ ನವೀಕರಣದ ಸಮಯದಲ್ಲಿ ಇದನ್ನು ಪರಿಶೀಲಿಸಬಹುದು.

ಉ) ನೀರಿನ ಪರೀಕ್ಷೆ: ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಆಳದ ಕೊಳವೆಬಾವಿಗಳ ವರದಿಯನ್ನು ಸದಸ್ಯರು ಓದಬೇಕು. ಮಿತಿ ಮೀರಿದರೆ ಮಕ್ಕಳ ಹಲ್ಲಿನಲ್ಲಿ ಶಾಶ್ವತ ಕಲೆ ಉಳಿಯುತ್ತದೆ.

ಊ) ಸಮಿತಿಯ ಕಾರ್ಯಸೂಚಿ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಮೂರು ತಿಂಗಳಿಗೊಮ್ಮೆ ಬಾಯಿ ಆರೋಗ್ಯವನ್ನು ಒಂದು ವಿಷಯವಾಗಿ ಸೇರಿಸಬೇಕು.

9. ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ಇ.ಎಸ್.ಐ. ಕಡಿತವಾಗುವ ಕುಟುಂಬಗಳು ಎಷ್ಟು? ಅವುಗಳಲ್ಲಿ ಎಷ್ಟು ಕುಟುಂಬಗಳ ಎಲ್ಲ ಸದಸ್ಯರ ಹೆಸರು ದಾಖಲಾಗಿದೆ?

2. ವಿಮಾ ಪಾಲಿಸಿ ಮಾರಲು ಬಂದವರು ಹಲ್ಲಿನ ಚಿಕಿತ್ಸೆಯೂ ಸೇರಿದೆ ಎಂದರೆ ಯಾವ ಮೂರು ಅಂಶಗಳನ್ನು ಕೇಳಬೇಕು?

3. ಒಂದು ಶಿಬಿರದಲ್ಲಿ 40 ಮಂದಿಗೆ ಮಾತ್ರ ಸ್ಕೇಲಿಂಗ್ ಸಾಧ್ಯವಿದ್ದರೆ ಗ್ರಾಮದ ಯಾರನ್ನು ಮೊದಲು ಆಯ್ಕೆ ಮಾಡಬೇಕು? ಕಾರಣವೇನು?

4. ತಮ್ಮ ವ್ಯಾಪ್ತಿಯ ಶಾಲೆಗಳ ಸುತ್ತ 100 ಗಜದೊಳಗೆ ತಂಬಾಕು ಮಾರುವ ಅಂಗಡಿಗಳಿವೆಯೇ?

ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಮೊದಲ ಪ್ರಶ್ನೆಯ ಉತ್ತರವನ್ನು ವಾರ್ಡುವಾರು ಪಟ್ಟಿಯಾಗಿ ಸಿದ್ಧಪಡಿಸಿಕೊಳ್ಳುವುದು ಸೂಕ್ತ. ಆ ಪಟ್ಟಿ ಕೈಯಲ್ಲಿದ್ದರೆ ಉಳಿದ ಕೆಲಸಗಳನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.